ಮೂರು ವರ್ಷ ಸುಮ್ಮನಿರುವ ಕಷ್ಟ

ನಮ್ಮ ಆಫೀಸಿಗೆ ವಾರಕ್ಕೊಬ್ಬರಾದರೂ, ಸಾಯಲು ಮಲಗಿದ್ದ ಸಾಲವನ್ನು ತಾವೇ ಎಬ್ಬಿಸಿ, ಮುಖ ತೊಳೆಸಿ, ಕೈ ಹಿಡಿದು ನಡೆಸಿಕೊಂಡು ಬರುತ್ತಾರೆ. ಬಂದು, "ಇದಕ್ಕೇನಾದ್ರೂ ಮಾಡಿ ಸಾರ್" ಅನ್ನುತ್ತಾರೆ.

ನಾನು ಓದಿದ್ದು ರಸಾಯನಶಾಸ್ತ್ರ. ಹೆಬ್ಬಾಳದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಗುತ್ತಿಗೆ ಮೇಲೆ ಇದ್ದೆ. ಗುತ್ತಿಗೆ ಮುಗಿಯಿತು. ಈಗ ಕುವೆಂಪುನಗರದ ಒಬ್ಬ ವಕೀಲರ ಹತ್ತಿರ ಸಹಾಯಕ. ಕಂತಿನಲ್ಲಿ ಟಿವಿ, ಫ್ರಿಜ್, ಫೋನು ತೆಗೆದುಕೊಂಡು ಸಿಕ್ಕಿಹಾಕಿಕೊಂಡವರು ನಮ್ಮ ಕಕ್ಷಿದಾರರು. ಅವರಿಗೆ ಕಾನೂನನ್ನು ಬಿಡಿಸಿ ಹೇಳುವುದು ನನ್ನ ಕೆಲಸ.

ಕಾನೂನು ಸರಳವಾಗಿದೆ. ಕಂತು ತಪ್ಪಿದ ಮೇಲೆ ಕೋರ್ಟಿಗೆ ಹೋಗಲು ಸಾಲ ಕೊಟ್ಟ ಕಂಪನಿಗೆ ಮೂರು ವರ್ಷ ಸಮಯ. ಅಷ್ಟರಲ್ಲಿ ಹೋಗದಿದ್ದರೆ ಸಾಲ ಸಾಲವಾಗಿಯೇ ಇರುತ್ತದೆ, ಕೋರ್ಟಿನ ಬಾಗಿಲು ಮಾತ್ರ ಮುಚ್ಚುತ್ತದೆ. ಆದರೆ ಆ ಮೂರು ವರ್ಷದೊಳಗೆ ಸಾಲಗಾರ "ನಾನು ಕೊಡಬೇಕು" ಎಂದು ಬರೆದು ಸಹಿ ಹಾಕಿದರೆ, ಅಥವಾ ಒಂದಿಷ್ಟು ಕಟ್ಟಿ ಅದನ್ನು ಬರೆದುಕೊಟ್ಟರೆ, ಅಂದಿನಿಂದ ಮತ್ತೆ ಹೊಸದಾಗಿ ಮೂರು ವರ್ಷ. ಆದ್ದರಿಂದ ನಾವು ಹೇಳುವುದು ಇಷ್ಟೇ. ಕೊಡಬೇಡಿ, ಬರೆಯಬೇಡಿ, ಸಹಿ ಹಾಕಬೇಡಿ. ಯಾರು ಬಂದರೂ "ನಮ್ಮ ವಕೀಲರ ಹತ್ರ ಮಾತಾಡಿ" ಅನ್ನಿ.

ಲ್ಯಾಬಿನಲ್ಲಿ ಕೆಲವು ದ್ರಾವಣಗಳನ್ನು ಅಲ್ಲಾಡಿಸದೆ ಇಟ್ಟರೆ ಸಾಕು, ತಾವಾಗಿ ತಿಳಿಯಾಗುತ್ತವೆ. ಇದೂ ಹಾಗೆಯೇ ಎಂದುಕೊಂಡಿದ್ದೆ. ಏನೂ ಮಾಡದೆ ಇರುವುದಕ್ಕಿಂತ ಸುಲಭದ ಕೆಲಸ ಯಾವುದಿದೆ?

ಉದಯಗಿರಿಯ ಒಬ್ಬ ಟೂವೀಲರ್ ಮೆಕ್ಯಾನಿಕ್ ಬಂದಾಗಲೂ ಹಾಗೇ ಅಂದುಕೊಂಡೆ. ಅವರು ಟಿವಿ, ಫ್ರಿಜ್ ಎರಡನ್ನೂ ಕಂತಿನಲ್ಲಿ ಕೊಂಡಿದ್ದರು. ಅರ್ಧಕ್ಕಿಂತ ಹೆಚ್ಚು ಕಟ್ಟಿಯೂ ಆಗಿತ್ತು. ಅಷ್ಟರಲ್ಲಿ ಟಿವಿ ಕೆಟ್ಟಿತು. ಕಂಪನಿ ಅಂಗಡಿಯ ಕಡೆ ಕೈ ತೋರಿಸಿತು, ಅಂಗಡಿ ಬಾಗಿಲು ಹಾಕಿತ್ತು. ಅವರು ಕಂತು ನಿಲ್ಲಿಸಿದರು. ಈಗ ದಂಡದ ಬಡ್ಡಿ ಸೇರಿ ಬಾಕಿಯೇ ಟಿವಿಯ ಬೆಲೆ ದಾಟಿತ್ತು. ದಸರಾ ಮುಗಿದ ಮೇಲಿನ ಭಾನುವಾರಕ್ಕೆ ಮೂರು ವರ್ಷ ತುಂಬುತ್ತಿತ್ತು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಅದಕ್ಕೆಂದು ಎತ್ತಿದ ಚೀಟಿ ಹಣ ಬ್ಯಾಂಕಿನಲ್ಲಿತ್ತು. ಕಂಪನಿ ಕೇಸು ಹಾಕಿದರೆ ಮೊದಲು ಹೋಗುವುದು ಆ ಹಣ. ಹಾಕದೆ ದಿನ ದಾಟಿದರೆ ಮಗಳು ಕಾಲೇಜಿಗೆ.

ಉಳಿದಿದ್ದು ಆರು ವಾರ. ಅವರು ಸುಮ್ಮನಿರಬೇಕಿತ್ತು, ಅಷ್ಟೇ.

ಲೆಕ್ಕ ತಪ್ಪಬಾರದು

ಮೆಕ್ಯಾನಿಕ್ ಮೊದಲ ಸಲ ಬಂದು ಹೋದ ದಿನವೇ ಸಂಜೆ ನಮ್ಮಲ್ಲಿ ಇನ್ನೊಬ್ಬರು ಹಿರಿಯರು ಕೂತಿದ್ದರು. ಖಜಾನೆ ಇಲಾಖೆಯಿಂದ ನಿವೃತ್ತರಾದವರು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ವಾಷಿಂಗ್ ಮೆಷಿನ್ನಿನ ಸಾಲ. ಅವಧಿ ಮುಗಿಯಲು ಸ್ವಲ್ಪವೇ ದಿನ ಇತ್ತು.

"ಕಂಪನಿಯಿಂದ ಪತ್ರ ಬಂದಿತ್ತು. ಉತ್ತರ ಬರೆದೆ," ಎಂದರು.

ನಮ್ಮ ವಕೀಲರು ಕಾಫಿ ಲೋಟ ಕೆಳಗಿಟ್ಟರು. "ಉತ್ತರ ಬರೀಬೇಡಿ ಅಂತ ಹೇಳಿದ್ವಲ್ಲ ಸರ್?"

"ಹೇಳಿದ್ರಿ. ಆದ್ರೆ ಬಡ್ಡಿ ಲೆಕ್ಕ ತಪ್ಪಾಗಿತ್ತು ಕಣ್ರೀ. ಕಣ್ಣಾರೆ ನೋಡ್ಕೊಂಡು ಸುಮ್ನಿರೋಕಾಗುತ್ತಾ?"

ವಕೀಲರ ಮುಖದಲ್ಲಿ ಸ್ವಲ್ಪ ಆಸೆ ಮೂಡಿತು. "ಜಾಸ್ತಿ ಹಾಕಿದ್ರಾ?"

"ಇಲ್ಲ. ಕಮ್ಮಿ ಹಾಕಿದ್ರು."

ಉತ್ತರದ ಪ್ರತಿ ತಂದಿದ್ದರು. ಮೂರು ಪುಟ. ಕಂಪನಿಯ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ್ದರು. ಕೊನೆಗೆ, "ಆದ್ದರಿಂದ ನಾನು ತಮಗೆ ಕೊಡಬೇಕಾದ ನಿಜವಾದ ಮೊತ್ತ ಈ ಕೆಳಗಿನಂತಿದೆ." ಕೆಳಗೆ ಮೊತ್ತ, ಅದರ ಕೆಳಗೆ ಸಹಿ, ತಾರೀಖು. ತಲುಪಿತೋ ಇಲ್ಲವೋ ಎಂಬ ಅನುಮಾನ ಬೇಡವೆಂದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದರು.

"ಸರ್, ಸತ್ತು ಹೋಗ್ತಿದ್ದ ಸಾಲ ಇದು," ಎಂದರು ವಕೀಲರು. "ನೀವೇ ನೀರು ಕುಡಿಸಿ ಬದುಕಿಸಿದ್ರಿ."

"ಬದುಕ್ಲಿ ಬಿಡಿ. ತಪ್ಪು ಲೆಕ್ಕದಲ್ಲಿ ಸಾಯಬಾರ್ದು."

ವಕೀಲರು ಕಿಟಕಿಯ ಕಡೆ ತಿರುಗಿಕೊಂಡರು. ಹಿರಿಯರು ಕಾಗದವನ್ನು ನನ್ನ ಕಡೆ ಸರಿಸಿದರು. "ನೀವು ಸೈನ್ಸ್ ಓದಿದೋರಲ್ವೇ? ಒಂದ್ಸಲ ನೋಡಿ ಹೇಳಿ."

ನೋಡಿದೆ. ಕ್ಯಾಲ್ಕುಲೇಟರ್ ಹಿಡಿದು ಎರಡನೇ ಸಲ ನೋಡಿದೆ. ಅವರ ಲೆಕ್ಕ ಸರಿಯಾಗಿತ್ತು.

ಮುಯ್ಯಿ

ಹೆಬ್ಬಾಳದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ಯುವಕನೊಬ್ಬನಿದ್ದ. ಮೊಬೈಲ್ ಫೋನಿನ ಸಾಲ. ನಮ್ಮ ಕಕ್ಷಿದಾರರಲ್ಲೇ ಶಿಸ್ತಿನ ಮನುಷ್ಯ. ಎರಡೂವರೆ ವರ್ಷ ಒಂದು ರೂಪಾಯಿ ಕೊಟ್ಟಿರಲಿಲ್ಲ, ಒಂದು ಅಕ್ಷರ ಬರೆದಿರಲಿಲ್ಲ. ಬೇರೆಯವರಿಗೆ ನಾನು ಇವನ ಉದಾಹರಣೆ ಕೊಡುತ್ತಿದ್ದೆ.

ಕಂಪನಿಯಿಂದ ಅವನಿಗೆ ದಿನವೂ ಒಬ್ಬ ಹುಡುಗಿ ಫೋನ್ ಮಾಡುತ್ತಿದ್ದಳು. ಅವನು ಪಾಳಿ ಮುಗಿಸಿ ಮಲಗಿ ಎದ್ದ ಹೊತ್ತಿಗೆ ಸರಿಯಾಗಿ.

"ಊಟ ಆಯ್ತಾ ಸಾರ್? ಕಂತು ಯಾವಾಗ ಕಟ್ತೀರ?"

"ಊಟ ಆಯ್ತು ಮೇಡಂ. ನಮ್ಮ ವಕೀಲರ ಹತ್ರ ಮಾತಾಡಿ."

ಇಷ್ಟೇ ಮಾತು. ಎರಡೂವರೆ ವರ್ಷ.

ಒಂದು ವಾರ ಫೋನ್ ಬರಲಿಲ್ಲ. ಎಂಟನೇ ದಿನ ಇವನೇ ಕಂಪನಿಗೆ ಫೋನ್ ಮಾಡಿದ. ಬೇರೆ ಯಾರೋ ಎತ್ತಿಕೊಂಡು, ಆ ಹುಡುಗಿ ತನ್ನ ಮದುವೆಗೆ ರಜೆ ಹಾಕಿದ್ದಾಳೆ ಎಂದರು. ಮಾರನೆಯ ದಿನ ನಮ್ಮ ಆಫೀಸಿಗೆ ಬಂದ. ಕಣ್ಣು ಕೆಂಪಗಿತ್ತು. ರಾತ್ರಿ ಪಾಳಿಯ ಕೆಂಪಲ್ಲ.

"ಎರಡೂವರೆ ವರ್ಷ ದಿನಾ ಊಟ ಆಯ್ತಾ ಅಂತ ಕೇಳಿದೋರು ಸಾರ್. ನಮ್ಮನೇಲೂ ಯಾರೂ ಹಂಗೆ ಕೇಳಿಲ್ಲ. ಮುಯ್ಯಿ ಮಾಡದೆ ಹೆಂಗಿರ್ಲಿ?"

"ಏನು ಮಾಡಿದ್ರಿ?" ಎಂದೆ.

ಅವಳ ಸ್ವಂತ ನಂಬರು ಇವನ ಹತ್ತಿರ ಇರಲಿಲ್ಲ. ಇದ್ದದ್ದು ಕಂಪನಿ ಕಂತು ಕಟ್ಟಲು ಕಳಿಸಿದ್ದ ಲಿಂಕು. ಅದಕ್ಕೇ ಐನೂರಾ ಒಂದು ರೂಪಾಯಿ ಕಳಿಸಿದ್ದ. ಜೊತೆಗೆ ಒಂದು ಸಂದೇಶ: "ಮದುವೆ ಮುಯ್ಯಿ. ನನ್ನ ಬಾಕಿಯಿಂದ ನಿಮಗೆ ಇಷ್ಟು ದಿನ ತೊಂದರೆ ಆಯಿತು, ಕ್ಷಮಿಸಿ. ಉಳಿದದ್ದನ್ನೂ ಬೇಗ ಕಟ್ಟುತ್ತೇನೆ." ಕೆಳಗೆ ಹೆಸರು, ಸಾಲದ ನಂಬರು.

ಕಂಪನಿಯಿಂದ ತಕ್ಷಣ ಉತ್ತರ ಬಂದಿತ್ತು. "ನಿಮ್ಮ ಕಂತು ತಲುಪಿದೆ. ಧನ್ಯವಾದಗಳು."

ನಾನು ವಿವರಿಸಿದೆ. ಕಳೆದ ಎರಡೂವರೆ ವರ್ಷ ವ್ಯರ್ಥ. ಇನ್ನು ಹೊಸದಾಗಿ ಮೂರು ವರ್ಷ. ದಿನವೂ ಫೋನ್ ಬರುತ್ತದೆ.

ಅವನು ತಲೆ ಎತ್ತಿದ. ಬಂದಾಗಿನಿಂದ ಮೊದಲ ಸಲ ಮುಖ ಸ್ವಲ್ಪ ಗೆಲುವಾಯಿತು.

"ಅವರೇ ಮಾಡ್ತಾರಾ ಸಾರ್?"

ತಾಲೀಮು

ಈ ಎರಡೂ ಕಥೆಗಳನ್ನು ಮೆಕ್ಯಾನಿಕ್ಕಿಗೆ ಎಚ್ಚರಿಕೆಗೆಂದು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಓದಿದೋರೇ ಇಂಗ್ ಮಾಡ್ಬುಟ್ರೆ ಎಂಗೆ ಸಾರ್! ನಾನು ನೋಡಿ, ಬಾಯಿಗೆ ನಟ್ಟು ಬೋಲ್ಟು ಹಾಕಿ ಟೈಟ್ ಮಾಡ್ಬುಡ್ತೀನಿ."

ಜೊತೆಯಲ್ಲಿ ಬಂದಿದ್ದ ಮಗಳು ನಗಲಿಲ್ಲ. "ಅಣ್ಣ, ನಮ್ಮಪ್ಪಂಗೆ ಯಾರ್ಗೂ ಇಲ್ಲ ಅನ್ನೋಕೆ ಬರಲ್ಲ. ಒಂದ್ಸಲ ಪರೀಕ್ಷೆ ಮಾಡಿ ನೋಡಿ."

ಸರಿ ಎನಿಸಿತು. ಪ್ರಯೋಗ ಮಾಡದೆ ಫಲಿತಾಂಶ ನಂಬಬಾರದು. ಭಾನುವಾರ ಗ್ಯಾರೇಜಿಗೆ ಹೋದೆ. ನಾನು ವಸೂಲಿಗೆ ಬಂದವನು, ಅವರು ಸಾಲಗಾರ. ಹೇಳಬೇಕಾದ್ದು ಒಂದೇ ಮಾತು: ನಮ್ಮ ವಕೀಲರ ಹತ್ರ ಮಾತಾಡಿ.

"ಕಂಪನಿಯಿಂದ ಬಂದಿದೀನಿ. ಬಾಕಿ ಕಂತು?" ಎಂದೆ.

"ಬನ್ನಿ ಸಾರ್, ಕೂತ್ಕಳಿ. ಬಿಸ್ಲಲ್ಲಿ ಬಂದಿದೀರ. ಮಗಾ, ಎರಡು ಟೀ ಹೇಳವ್ವ."

"ಟೀ ಬೇಡ. ಕಂತು?"

"ಈ ತಿಂಗ್ಳು ಕಷ್ಟ ಸಾರ್. ಮುಂದಿನ್ ತಿಂಗ್ಳು ಗ್ಯಾರಂಟಿ ಕೊಟ್ಬುಡ್ತೀನಿ."

"ಅಪ್ಪಾ!" ಎಂದಳು ಮಗಳು.

ಎರಡನೇ ಸಲ ಮಾತು ನೆನಪಿತ್ತು. ಆದರೆ ಅಲ್ಲಿಗೆ ನಿಲ್ಲಲಿಲ್ಲ. "ನಮ್ಮ ವಕೀಲರ ಹತ್ರ ಮಾತಾಡಿ. ಕುವೆಂಪುನಗರದಲ್ಲವ್ರೆ. ಬಾಳ ಒಳ್ಳೇರು. ಅವರು ಊಂ ಅಂದ್ರೆ ನಾಳೆನೇ ಕೊಟ್ಬುಡ್ತೀನಿ."

ಮೂರನೇ ಸಲ ನಾನು ಸ್ವಲ್ಪ ಒರಟಾಗಿ ನೋಡಿದೆ. ನಿಜವಾದವರು ಹೀಗೂ ಮಾತಾಡಬಹುದಲ್ಲ. "ಮೂರು ವರ್ಷ ಆಯ್ತು. ಮಾನ ಮರ್ಯಾದೆ ಇಲ್ವೇನ್ರೀ?" ಎಂದೆ. ಅವರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಕಣ್ಣಲ್ಲಿ ನೀರು ಬಂತು. ಹತ್ತು ನಿಮಿಷ ನಾನೇ ಸಮಾಧಾನ ಮಾಡಿ, ನಾನೇ ಹೋಗಿ ಟೀ ತಂದುಕೊಟ್ಟೆ.

ನಾಲ್ಕನೇ ಸಲ ಅವರು ಏನೂ ಮಾತಾಡಲಿಲ್ಲ. ನನಗೆ ಸಂತೋಷವಾಯಿತು. ಅಷ್ಟರಲ್ಲಿ ಹತ್ತಿರ ಬಂದು ನನ್ನ ಜೇಬಿಗೆ ಇನ್ನೂರು ರೂಪಾಯಿ ತುರುಕಿದರು.

"ನಾಟಕ ಇದು," ಎಂದೆ.

"ಗೊತ್ತು ಸಾರ್. ಆದ್ರೂ ಬೆಳಿಗ್ಗೆಯಿಂದ ಕೇಳ್ತಾನೇ ಇದೀರ. ಬರಿಗೈಲಿ ಎಂಗ್ ಕಳ್ಸಾದು?"

ಎಲೆ ಅಡಿಕೆ

ಅಂದಿನಿಂದ ಮಗಳು ಕಾವಲು ನಿಂತಳು. ಗ್ಯಾರೇಜಿನಲ್ಲಿದ್ದ ಪೆನ್ನುಗಳನ್ನೆಲ್ಲ ಮನೆಗೆ ಒಯ್ದಳು. ಬಿಲ್ ಪುಸ್ತಕಕ್ಕೆ ದಾರದಲ್ಲಿ ಕಟ್ಟಿದ ಒಂದು ಪೆನ್ನು ಮಾತ್ರ ಉಳಿಯಿತು. ಅದಿಲ್ಲದಿದ್ದರೆ ಗಿರಾಕಿಗಳಿಗೆ ಬಿಲ್ಲು ಬರೆಯುವ ಹಾಗಿಲ್ಲ. ಅಪ್ಪನ ಬಾಯಿಗೆ ಏನು ಮಾಡುವುದೆಂದು ನಾವು ಯೋಚಿಸುತ್ತಿದ್ದಾಗ ಅವರೇ ಉಪಾಯ ಹೇಳಿದರು. ವಸೂಲಿಯವರು ಬರುವುದು ಕಂಡ ಕೂಡಲೇ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಳ್ಳುವುದು. ಮಾತಾಡಬೇಕೆಂದರೂ ಆಗುವುದಿಲ್ಲ.

ಒಳ್ಳೆಯ ಉಪಾಯ. ನಾನೂ ಒಪ್ಪಿದೆ.

ಆಯುಧಪೂಜೆಗೆ ವಾರ ಇರುವಾಗ, ಮಗಳು ಊಟಕ್ಕೆ ಮನೆಗೆ ಹೋಗಿದ್ದ ಹೊತ್ತಿನಲ್ಲಿ, ನಿಜವಾದ ವಸೂಲಿಯವನು ಬಂದ. ಒರಟನಲ್ಲ, ಸಾಧು ಮನುಷ್ಯ, ಹಳೆಯ ಬೈಕು. ಮೆಕ್ಯಾನಿಕ್ ನಾಲ್ಕು ಎಲೆ ಒಟ್ಟಿಗೆ ಬಾಯಿಗೆ ತುಂಬಿಕೊಂಡರು.

"ನಮಸ್ಕಾರ ಸಾರ್. ಆ ಟಿವಿ ಬಾಕಿ..."

"ಮ್."

"ಈ ತಿಂಗಳಾದ್ರೂ ಸ್ವಲ್ಪ..."

"ಮ್ ಮ್." ಕೈ ಆಡಿಸಿದರು. ಸುಣ್ಣ ಜಾಸ್ತಿಯಾಗಿ ಬಾಯಿ ಉರಿಯುತ್ತಿತ್ತು. ಕಣ್ಣಲ್ಲಿ ನೀರು. ತುಟಿಯ ಒಂದು ಕೊನೆಯಿಂದ ರಸ ಇಳಿಯುತ್ತಿತ್ತು. ತಡೆಯಲು ಮುಖವನ್ನು ಒಂದು ಪಕ್ಕಕ್ಕೆ ಸೊಟ್ಟ ಮಾಡಿದರು.

ವಸೂಲಿಯವನು ಅವರ ಮುಖ ನೋಡಿದ. ಕೆಂಪು ನೋಡಿದ. "ಅಯ್ಯೋ, ಲಕ್ವ ಹೊಡೆದಿದೆ! ಬಾಯಲ್ಲಿ ರಕ್ತ!" ಎಂದು ಕೂಗಿ, ಪಕ್ಕದ ಅಂಗಡಿಯವರನ್ನು ಕರೆದು, ಮೆಕ್ಯಾನಿಕ್ಕನ್ನು ಎತ್ತಿ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ಇವರು ಬೇಡ ಎನ್ನಲು ಬಾಯಿ ತೆರೆಯಬೇಕಿತ್ತು. ತೆರೆಯಬಾರದೆಂದು ನಾವು ಹೇಳಿದ್ದೆವು.

ಡಾಕ್ಟರು ಟಾರ್ಚ್ ಹಾಕಿ ನೋಡಿ, "ಉಗುಳ್ರೀ ಮೊದ್ಲು," ಎಂದರಂತೆ. ಆಸ್ಪತ್ರೆಯ ಚೀಟಿಗೆ ದುಡ್ಡನ್ನು ವಸೂಲಿಯವನೇ ಕೊಟ್ಟ.

ಸಂಜೆ ನಾನು ಗ್ಯಾರೇಜಿಗೆ ಹೋದಾಗ ಅವರು ಮಂಕಾಗಿ ಕೂತಿದ್ದರು.

"ಮಾತಾಡಿದ್ರಾ? ಏನಾದ್ರೂ ಸಹಿ?"

"ಏನಿಲ್ಲ ಸಾರ್. ಅಂಗೇ ಇದ್ದೆ." ಆಮೇಲೆ ಅವರೇ ಹೇಳಿದರು, "ಹಿಂದೆ ಕೂತು ಹೋಗಿ ಬಂದ್ನಲ್ಲ, ಆ ಗಾಡಿ ಚೈನು ದಾರಿಯುದ್ದಕ್ಕೂ ಕಟಕಟ ಅಂತಿತ್ತು. ಯಾವಾಗ ಬೇಕಾದ್ರೂ ಕಿತ್ಕೊಂಡು ಬರ್ತದೆ. ನನ್ನ ಬಾಯಲ್ಲಿ ಎಲೆ ಅಡಿಕೆ. ಹೇಳಾಕಾಗ್ಲಿಲ್ಲ ಸಾರ್. ಅದೊಂದು ಕೊರೀತಾ ಅದೆ."

ಕಾನೂನಿನ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ನಾನು ನೆಮ್ಮದಿಯಿಂದ ಮನೆಗೆ ಹೋದೆ.

ವಸೂಲಿ

ದಸರಾ ಮುಗಿಯಿತು. ಶನಿವಾರವೂ ದಾಟಿತು. ಭಾನುವಾರವೂ ದಾಟಿತು. ಯಾವ ನೋಟಿಸೂ ಇಲ್ಲ, ಕೇಸೂ ಇಲ್ಲ. ಸೋಮವಾರ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿದ್ದರು. ಒಗೆದ ಬಟ್ಟೆ, ಕೈಯಲ್ಲಿ ಒಂದು ಕೆ.ಜಿ. ಜಿಲೇಬಿ. ಜೊತೆಗೆ ಮಗಳು.

"ಮುಗೀತಲ್ಲ ಸಾರ್ ಮೂರು ವರ್ಷ?"

"ಮುಗೀತು," ಎಂದರು ವಕೀಲರು. ಅವರು 'ಮುಗೀತು' ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅವನು ಮತ್ತೆ ಬಂದಿದ್ನಾ?"

"ಶನಿವಾರ ಬಂದಿದ್ದ. ಇವಳು ಫೀಸಿಗೆ ಕೊನೇ ದಿನ ಯಾವಾಗ ಅಂತ ಕೇಳಾಕೆ ಕಾಲೇಜಿಗೆ ಹೋಗಿದ್ಲು. ನಾನೊಬ್ನೇ."

ವಕೀಲರ ಕೈಯಲ್ಲಿದ್ದ ಜಿಲೇಬಿ ಅಲ್ಲೇ ನಿಂತಿತು. "ಏನಂದ್ರಿ?"

"ನಮ್ಮ ವಕೀಲರ ಹತ್ರ ಮಾತಾಡಿ ಅಂದೆ."

"ಆಮೇಲೆ?"

"ಆಮೇಲೇನೂ ಅನ್ಲಿಲ್ಲ. ಅವನೂ ಆಯ್ತು ಸಾರ್ ಅಂದು ಹೊರಟ."

ನಾನು ಮಗಳ ಕಡೆ ನೋಡಿದೆ. ಅವಳೂ ನಗುತ್ತಿದ್ದಳು. ವಕೀಲರು ಜಿಲೇಬಿ ಬಾಯಿಗಿಟ್ಟರು.

"ಗಾಡಿ ಸ್ಟಾರ್ಟ್ ಆಗ್ಲಿಲ್ಲ," ಎಂದರು ಮೆಕ್ಯಾನಿಕ್.

ವಕೀಲರು ಅಗಿಯುವುದನ್ನು ನಿಲ್ಲಿಸಿದರು.

"ಕಿಕ್ ಹೊಡೆದ, ಹೊಡೆದ. ಆಗ್ಲಿಲ್ಲ. ಅದೇ ಗಾಡಿ ಸಾರ್, ನನ್ನ ಆಸ್ಪತ್ರೆಗೆ ಕರ್ಕಂಡೋಗಿದ್ದು. ಆಯುಧಪೂಜೆಗೂ ಅದಕ್ಕೊಂದು ನಿಂಬೆಹಣ್ಣು ಇಡ್ಸಿಲ್ಲ. ಎಂಗೆ ನೋಡ್ಕಂಡು ಕೂರಾದು? ಬಿಚ್ಚಿದೆ. ಚೈನು ಹೋಗಿತ್ತು, ಕ್ಲಚ್ ವೈರು ಹೋಗಿತ್ತು, ಪ್ಲಗ್ಗು ಹೋಗಿತ್ತು. ಎಲ್ಲ ಹೊಸ್ದು ಹಾಕ್ದೆ. ಈಗ ಸೌಂಡೇ ಇಲ್ಲ."

"ಬಿಟ್ಟಿ ಮಾಡ್ಕೊಟ್ರಾ?" ವಕೀಲರ ಧ್ವನಿಯಲ್ಲಿ ದೈನ್ಯ ಇತ್ತು. "ಬಿಟ್ಟಿ ಮಾಡ್ಕೊಟ್ಟೆ ಅನ್ನಿ."

"ಬಿಟ್ಟಿ ಎಂಗ್ ಮಾಡ್ಲಿ? ಅವರಿಗೆ ಒಂದು ರೂಪಾಯೀನೂ ಕೊಡ್ಬೇಡಿ ಅಂದೋರು ನೀವೇ. ಅವನತ್ರ ದುಡ್ಡಿರ್ಲಿಲ್ಲ ಪಾಪ, ಕಮಿಷನ್ನೇ ಬಂದಿಲ್ವಂತೆ." ಅವರು ನಮ್ಮಿಬ್ಬರ ಕಡೆಗೂ ನೋಡಿ, ಎದೆ ಸ್ವಲ್ಪ ಉಬ್ಬಿಸಿ ಹೇಳಿದರು, "ಅದ್ಕೆ ಕಂಪನಿ ಹತ್ರಾನೇ ವಸೂಲಿ ಮಾಡ್ಬುಟ್ಟೆ!"

ಕಂಕುಳಿನಿಂದ ಬಿಲ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ದಾರದಲ್ಲಿ ಪೆನ್ನು ನೇತಾಡುತ್ತಿತ್ತು. ಕಾರ್ಬನ್ ಪ್ರತಿಯನ್ನು ನಾನು ಓದಿದೆ. ಚೈನ್ ಸೆಟ್, ಕ್ಲಚ್ ವೈರು, ಪ್ಲಗ್ಗು, ಕೂಲಿ. ಕೆಳಗೆ ದುಂಡಾದ ಅಕ್ಷರದಲ್ಲಿ, "ಸದರಿ ಮೊತ್ತವನ್ನು ನಾನು ಕಂಪನಿಗೆ ಕೊಡಬೇಕಾದ ಟಿವಿ, ಫ್ರಿಜ್ ಸಾಲದ ಬಾಕಿಯಲ್ಲಿ ಮುರಿದುಕೊಳ್ಳುವುದು." ಸಹಿ. ಶನಿವಾರದ ತಾರೀಖು. 'ಸದರಿ' ಎಂಬುದನ್ನು ನಮ್ಮ ಆಫೀಸಿನ ಕಾಗದಗಳನ್ನು ನೋಡಿ ಕಲಿತಿರಬೇಕು.

"ಅಸಲು ಪ್ರತಿ?" ಎಂದೆ.

"ಅವನಿಗೆ ಕೊಟ್ಟೆ. ಆಫೀಸಲ್ಲಿ ತೋರಿಸ್ಲೇಬೇಕು ಅಂತ ಹೇಳಿ ಕಳ್ಸಿದೀನಿ."

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡು ಕೈಯಿಂದ ಮುಖ ಉಜ್ಜಿಕೊಂಡರು. ಸಾಲ ಇದೆ ಎಂದು ಒಪ್ಪಿಗೆ, ಅದರಲ್ಲಿ ಒಂದು ಪಾಲು ತೀರಿಸಿದ್ದಕ್ಕೆ ಬರಹ, ಸಹಿ, ತಾರೀಖು. ಅವಧಿ ಮುಗಿಯಲು ಒಂದು ದಿನ ಇರುವಾಗ. ನಾವೇ ಕೂತು ಬರೆದಿದ್ದರೂ ಕಂಪನಿಗೆ ಇಷ್ಟು ಅನುಕೂಲವಾದ ಕಾಗದ ಬರೆಯಲಾಗುತ್ತಿರಲಿಲ್ಲ.

ಮಗಳಿಗೆ ಅರ್ಥವಾಗಿತ್ತು. "ಅಣ್ಣ, ಇನ್ನೆಷ್ಟು?"

"ಮತ್ತೆ ಮೂರು ವರ್ಷ."

"ನನ್ನ ಕೋರ್ಸು ನಾಲ್ಕು ವರ್ಷ."

ವಕೀಲರು ನಿಧಾನವಾಗಿ ಹೇಳಿದರು. ಈ ಬಿಲ್ಲು ಕೈಗೆ ಸಿಕ್ಕ ಮೇಲೆ ಕಂಪನಿ ಬಿಡುವುದಿಲ್ಲ. ಕೂತು ಮಾತಾಡಿ ಕಡಿಮೆಗೆ ಮುಗಿಸಬೇಕು. ಚೀಟಿ ಹಣದಲ್ಲಿ ಅರ್ಧ ಹೋಗುತ್ತದೆ.

"ಹಂಗಾದ್ರೆ ಹಾಸ್ಟೆಲ್ ಬೇಡ. ಬಸ್ಸಲ್ಲೇ ಓಡಾಡ್ತೀನಿ," ಎಂದಳು ಅವಳು. ಕಾಲೇಜಿನಿಂದ ತಂದಿದ್ದ ಫೀಸಿನ ಚೀಟಿಯನ್ನು ಮಡಚಿದಳು, ಮತ್ತೆ ಮಡಚಿದಳು. ಇನ್ನು ಮಡಚಲಾಗದಷ್ಟು ಚಿಕ್ಕದಾಯಿತು.

ಮೆಕ್ಯಾನಿಕ್ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಅಂಗಾದ್ರೆ ಆ ಗಾಡಿ ಮುಟ್ಲೇಬಾರದಿತ್ತಾ?"

ವಕೀಲರು ಕನ್ನಡಕ ಹಾಕಿಕೊಂಡು ಬಿಲ್ಲನ್ನು ಮತ್ತೊಮ್ಮೆ ಓದಿದರು.

"ಆ ಚೈನು ರೋಡಲ್ಲಿ ಕಿತ್ಕೊಂಡಿದ್ರೆ ಸತ್ತೋಗೋನು ಸಾರ್."

ಅದೂ ನಿಜವೇ.

ಅಷ್ಟರಲ್ಲಿ ಅವರ ಮುಖ ಬೆಳಗಿತು. "ಒಂದು ದಾರಿ ಅದೆ ಸಾರ್. ಮೂರು ತಿಂಗ್ಳಿಗೊಂದ್ಸಲ ಸರ್ವಿಸಿಗೆ ಬಾ ಅಂದಿವ್ನಿ ಅವನಿಗೆ. ಪ್ರತಿ ಸಲಾನೂ ಇಂಗೇ ಬರ್ದು ಬರ್ದು ಮುರ್ಕತಾ ಹೋದ್ರೆ ಸಾಲನೇ ತೀರೋಯ್ತದೆ!"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸರ್ವಿಸಿಗೆ ಮುರಿಯುವುದು ಇಷ್ಟು, ಬಡ್ಡಿ ಏರುವುದು ಇಷ್ಟು, ಪ್ರತಿ ಬಿಲ್ಲಿಗೂ ಹೊಸದಾಗಿ ಮೂರು ವರ್ಷ. ಮಗಳು ನರ್ಸಾಗಿ, ಕೆಲಸಕ್ಕೆ ಸೇರಿ, ನಿವೃತ್ತಳಾಗುವ ದಿನವೂ ಸಾಲ ಗಟ್ಟಿಮುಟ್ಟಾಗಿ ಇರುತ್ತದೆ.

"ನಿಮ್ ಫೀಸೂ ಬಾಕಿ ಅದೆ," ಎಂದು ಅವರು ನನ್ನ ಕಡೆ ತಿರುಗಿದರು. "ಹೊರಗೆ ನಿಂತಿರಾದು ನಿಮ್ ಗಾಡಿ ತಾನೇ? ಬರ್ತಾ ನೋಡ್ದೆ, ಬ್ರೇಕೇ ಇಲ್ಲ. ಈಗ್ಲೇ ಮಾಡ್ಕೊಡ್ತೀನಿ. ಫೀಸಲ್ಲಿ ಮುರ್ಕಳಿ."

ಹೇಳುತ್ತಲೇ ಬಿಲ್ ಪುಸ್ತಕ ಎಳೆದುಕೊಂಡು, ಕಾರ್ಬನ್ ಸರಿಮಾಡಿ, ಪೆನ್ನು ಹಿಡಿದರು. ವಕೀಲರು, ಮಗಳು, ನಾನು ಮೂವರೂ ಒಟ್ಟಿಗೆ ಆ ಪೆನ್ನಿಗೆ ಕೈ ಹಾಕಿದೆವು.

ದಾರ ಗಟ್ಟಿಯಾಗಿತ್ತು.